ಕೊಂಡಿ

ಇಳಕಲ್ಲಿನ ನೇಕಾರರ ಸೊಸೈಟಿ, ಮೂರರ ಬಿಸಿಲು.
ಗೋಡೆಯಾಚೆ ಮಗ್ಗದ ಸದ್ದು, ನನ್ನೆದುರು ಪರದೆ:
"ಮಾನ್ಯ ಗ್ರಾಹಕರೆ, ನಿಮ್ಮ ಖಾತೆ
ಆರರೊಳಗೆ ಬಂದ್. ಈ ಕೊಂಡಿ ಒತ್ತಿ."
ನೀಲಿ ಅಕ್ಷರ, ಅಡಿಗೆರೆ,
ಬ್ಯಾಂಕಿನದೇ ಲಾಂಛನ, ಬ್ಯಾಂಕಿನದೇ ಬಣ್ಣ.

ಬೆರಳು ಹೊರಟಿತ್ತು.

ಪಗಾರಕ್ಕೆ ಬಂದ ಸುಗಲವ್ವ ಮೇಜಿಗೆ ಆತು ನಿಂತಳು.
"ಏನ್ರಿ ಕ್ಲಾರ್ಕರ, ಮಾರಿ ಯಾಕ ಬಾಡೇತಿ?"
"ಕೊಂಡಿ ಒತ್ತಬೇಕಂತ, ಯವ್ವಾ."
ನಕ್ಕಳು. ನಲವತ್ತು ವರ್ಷ
ಎಳೆಗೆ ಎಳೆ ಸಿಕ್ಕಿಸಿ, ಕೊಂಡಿ ಹಾಕಿ
ಒಡಲಿಗೆ ಸೆರಗು ಕೂಡಿಸಿದಾಕೆ.
"ಈ ಕಡಿ ಹಾಸು ನಿಮ್ದು, ಖರೆ.
ಆ ಕಡಿ ಹಾಸು ಯಾರ್ದು?"

ಆಗ ನೋಡಿದೆ, ಕಳಿಸಿದವರ ವಿಳಾಸ.
ಬ್ಯಾಂಕಿನ ಹೆಸರಲ್ಲಿ ಒಂದಕ್ಷರ ಹೆಚ್ಚು,
ಬಾಲದಲ್ಲಿ ಯಾವುದೋ ಗೊತ್ತಿಲ್ಲದ ಊರು.
ಹನ್ನೊಂದು ವರ್ಷದ ಖಾತೆ,
ಸೊಸೈಟಿಯ ಹೆಸರೂ ಬಾರದೆ ಬರೀ "ಗ್ರಾಹಕರೆ".
ಚೆಕ್ಕು ಪಾಸು ಮಾಡಲು ವಾರ ಹಿಡಿಯುವವರಿಗೆ
ಇವತ್ತೇ ಯಾಕೆ ಈ ಅವಸರ?

ಪಾಸ್‌ಬುಕ್ಕಿನ ಬೆನ್ನಿಗಿದ್ದ ನಂಬರಿಗೆ ಹಚ್ಚಿದೆ.
"ನಾವು ಕಳಿಸಿಲ್ಲರಿ. ಮುಟ್ಟಬ್ಯಾಡ್ರಿ."

ಹೋದ ಶ್ರಾವಣದಾಗ, ಮನೆಯಲ್ಲಿ, ರಾತ್ರಿ,
ಇಂಥದೇ ಒಂದನ್ನು ಒತ್ತಿದ್ದೆ.
ಹೆಂಡತಿಯ ಚೀಟಿಯ ಹದಿನೆಂಟು ಸಾವಿರ.
ಸಾಲ ಕೊಟ್ಟೆ, ಬರುತ್ತದೆ ಅಂದಿದ್ದೆ ಆಕೆಗೆ.
ಚೇಳಿನ ಬಾಲಕ್ಕೂ ನಾವು ಕೊಂಡಿ ಅಂತೇವೆ;
ಕಡಿಸಿಕೊಂಡು ಸುಮ್ಮನಿರುವುದು
ಎಷ್ಟು ಉರಿ ಅಂತ ಬಲ್ಲೆ.

ನೋಟು ಎಣಿಸುತ್ತಿದ್ದೆ. ಸುಗಲವ್ವ ಕೇಳಿದಳು:
"ಹಿಂದ ಯಾವಾಗರೆ ಒತ್ತೀರೇನು, ಇಂಥಾದ್ದು?"

ಎಣಿಕೆ ತಪ್ಪಿತು.
ಮತ್ತೆ ಒಂದರಿಂದ ಹಿಡಿದೆ.