ಸೊನ್ನೆ ಬಂದರೆ ಸರಿ

ದಾವಣಗೆರೆಯ ಮಂಡಕ್ಕಿ ಭಟ್ಟಿ. ಗಲ್ಲಾದ ಪಕ್ಕ ಕೂತು
ಬಿಲ್ಲಿನ ಪ್ರೋಗ್ರಾಮು ಬರೆಯುತ್ತಿದ್ದೇನೆ.
ಒಂದೇ ಒಂದು ಸಾಲಿನಲ್ಲಿ ಅದು ತನ್ನ ಹೊಸ್ತಿಲು ದಾಟಿ
ಯಂತ್ರಕ್ಕೆ ಕೂಗುತ್ತದೆ: ಇದನ್ನು ಅಚ್ಚು ಹಾಕು.
ಕೂಗಿ, ಕೈಕಟ್ಟಿ ಕಾಯುತ್ತದೆ.

ಖಲೀಲ್ ಸಾಬರೂ ಹೀಗೇ.
ಕೂತಲ್ಲಿಂದಲೇ, "ದುರುಗೇಶಾ, ಹತ್ತು ಚೀಲ!"
ಹೊಗೆಯಾಚೆ ಮುಖ ಕಾಣದು.
ಕಾದ ಮರಳಿನ ಬಾಣಲೆಗೆ ಜಾಲರಿ ಬಡಿದು
ಟಣ್ ಅಂದರೆ, ಆಯಿತು.
ನನಗೆ ಒಳಗಿನಿಂದ ಬರುವುದು ಬರೀ ಸೊನ್ನೆ.
ಲೆಕ್ಕದ ಮೇಷ್ಟ್ರು ಕೆಂಪಗೆ ಸುತ್ತುತ್ತಿದ್ದ ಅದೇ ಸೊನ್ನೆ
ಇಲ್ಲಿ, ಎಲ್ಲ ಸರಿ.

"ಒಂದಿನ ಏನಾಯ್ತು ಗೊತ್ತೇನವ್ವ,
ಗಿರಾಕಿ ಹೆಸರು ಕೇಳಿದೆ. ಕಿಡಿಗೇಡಿ,
ಹೊನ್ನಾಳಿ ಕರಿಬಸಪ್ಪ ಬೆಂಕಿ ಆರ್ಸು, ಅಂದ.
ನಾನು ಯಾವುದೋ ಗ್ಯಾನದಾಗೆ
ಹಂಗಂಗೇ ಒಳಗೆ ಕೂಗಿಬಿಟ್ಟೆ.
ದುರುಗೇಶ ಆರಿಸೇ ಬಿಟ್ಟ.
ದನಿ ನಂದಲ್ವಾ?"

ಅವರು ನಕ್ಕರು. ನಾನು ನನ್ನ ಸಾಲಿಗೆ ವಾಪಸು ಹೋದೆ.
ಗಿರಾಕಿ ಬರೆದದ್ದನ್ನು ಬರೆದ ಹಾಗೇ
ನನ್ನ ದನಿಯಲ್ಲಿ ಒಳಗೆ ಕಳಿಸುವ ಜಾಗ.
ಅಳಿಸಿದೆ. ಹೆಸರನ್ನು ಬೇರೆ ಚೀಲಕ್ಕೆ ಸುರಿದು
ಬಾಯಿ ಹೊಲಿದೆ:
ಇದು ಹೆಸರು, ಅಪ್ಪಣೆಯಲ್ಲ.

ಒತ್ತಿದೆ.
ಸೊನ್ನೆ ಬಂತು. ಬಿಲ್ಲು ಬರಲಿಲ್ಲ.
ಸಾಬರು ಪ್ರಿಂಟರಿನ ಮುಚ್ಚಳ ಎತ್ತಿ ನೋಡಿದರು.
ಕಾಗದವೇ ಇರಲಿಲ್ಲ.