ಇನ್ನೂರ ಹದಿನಾಲ್ಕರ ಉಸಿರು

ಒಳಗೆ ಹೋಗುವ ಮೊದಲು ಮೀಯಬೇಕು,
ಬಳೆ ಓಲೆ ತೆಗೆದಿಡಬೇಕು, ಹೂವೂ ಕೂಡದು.
ನನ್ನ ಉಸಿರು ಅವಕ್ಕೆ ತಾಗಬಾರದೆಂದು
ಮೂಗು ಬಾಯಿಗೆ ಬಟ್ಟೆ.
ಕೋಗಿಲು ಕ್ರಾಸಿನ ನಮ್ಮ ಮನೆಯಲ್ಲಿ ಇದೇ ಜಾತಿಗೆ
ಅಕ್ಕಿ ಮೂಟೆಯ ಹಿಂದೆ ಬೋನಿಡುತ್ತೇವೆ,
ಕೊಕ್ಕೆಗೆ ಒಂದು ಚೂರು ಬೋಂಡ.

ಇಲ್ಲಿ ಇಪ್ಪತ್ತೆರಡು ಡಿಗ್ರಿ.
ಹಗಲು ಹನ್ನೆರಡು ಗಂಟೆ, ಇರುಳು ಹನ್ನೆರಡು, ಎರಡೂ ಸ್ವಿಚ್ಚಿನಲ್ಲಿ.
ಹೆಬ್ಬಾಳದ ಫ್ಲೈಓವರಿನ ಹೊಗೆ
ನಾಲ್ಕು ಬಾಗಿಲು ದಾಟಿ ಬರುವಷ್ಟರಲ್ಲಿ
ಸೋಸಿ ಸೋಸಿ ಬರೀ ಗಾಳಿಯಾಗಿರುತ್ತದೆ.

ಕರಿಯ ತಳಿ ಒಂದು, ಬಿಳಿಯ ತಳಿ ಒಂದು.
ಔಷಧದ ಮಂಜು ಊದಿದರೆ ಕರಿಯದು
ಏನೂ ಆಗದವರ ಹಾಗೆ ಮೀಸೆ ತೀಡುತ್ತದೆ.
ಬಿಳಿಯದು ಅದರ ಅರ್ಧಕ್ಕೇ ಬೆನ್ನು ಗೂನಾಗಿ ಕೂರುತ್ತದೆ,
ಪರದೆಯ ಮೇಲಿನ ಗೆರೆ
ಹಿಂಡಿದ ಬಟ್ಟೆಯಂತೆ ನುಲಿಯುತ್ತದೆ.
ಎರಡಕ್ಕೂ ಮದುವೆ ಮಾಡಿ, ಮಕ್ಕಳಿಗೆ ಮಕ್ಕಳಾಗಿ,
ಈಗ ಮೊಮ್ಮಕ್ಕಳ ಸಾಲು ಸಾಲು ಡಬ್ಬಿ:
ಕಪ್ಪು, ಬಿಳಿ,
ಮತ್ತೆ ಬಿಳಿಯ ಅಜ್ಜಿ ಯಾರಿಗೂ ಹೇಳದೆ
ಒಳಗೆ ಬಚ್ಚಿಟ್ಟಿದ್ದ ಕಂದು.

ಪೈ ಮೇಡಂ ಹೇಳುತ್ತಾರೆ: ಬಣ್ಣ ಒಂದು ಕಡೆಯದು
ಉಸಿರು ಇನ್ನೊಂದು ಕಡೆಯದು ಇರಬಹುದು, ಮುನಿಲಕ್ಷ್ಮಿ.
ಮೈ ನೋಡಿ ಬರೀಬೇಡ. ಅಳೆದು ಬರಿ.

ಅಳೆದೇ ಬರೆಯುತ್ತೇನೆ.

ನನಗೂ ಅಂಜನಪ್ಪನಿಗೂ ಒಂದೇ ತಾಯಿ, ಒಂದೇ ತಗಡಿನ ಸೂರು.
ಸಾವಿರಕ್ಕೆ ಇಷ್ಟೆಂದು ಅಮ್ಮ ಊದುಬತ್ತಿ ಹೊಸೆಯುತ್ತಿದ್ದಾಗ
ಆ ಕರಿಹಿಟ್ಟಿನ ಪಕ್ಕದಲ್ಲೇ ತೆವಳಿ ನಡಿಗೆ ಕಲಿತವರು ಇಬ್ಬರೂ.
ನನಗೇನೂ ಆಗಲಿಲ್ಲ.
ಅಂಜಿಗೆ, ಪಕ್ಕದ ಖಾಲಿ ಸೈಟಿನಲ್ಲಿ
ಕಾಂಗ್ರೆಸ್ ಗಿಡ ಹೂಬಿಟ್ಟರೆ ಸಾಕು,
ರಾತ್ರಿಯೆಲ್ಲ ಗೋಡೆಗೊರಗಿ ಕೂತಿರುತ್ತಾನೆ,
ಮುಚ್ಚಿದ ಬಾಗಿಲ ಸಂದಿಯಲ್ಲಿ ಯಾರೋ
ಸಿಳ್ಳೆ ಹಾಕಿದ ಹಾಗೆ ಎದೆ.
ಅಜ್ಜಿ ಪಿಳ್ಳಮ್ಮನಿಗೂ ಹಿಂಗೇ ಇತ್ತಂತೆ.
ಅವಳ ಮೂಗು ನನಗೆ ಬಂತು.

ಇನ್ನೂರ ಹದಿನಾಲ್ಕು. ಕಂದು. ಹೆಣ್ಣು. ಇಪ್ಪತ್ತೊಂದು ಗ್ರಾಂ.
ಕಿವಿಯಲ್ಲಿ ತೂತು, ಓಲೆಯಿಲ್ಲ, ನನ್ನ ಹಾಗೆಯೇ.
ಹೆಸರಿಡಬಾರದೆಂದು ಮೊದಲ ದಿನವೇ ಹೇಳಿದ್ದರು.
ಇಟ್ಟಿಲ್ಲ.
ಅಳತೆಯ ಡಬ್ಬಿಯಲ್ಲಿ ಮೂಲೆ ಮೂಲೆ ಮೂಸಿ
ನನ್ನ ಕೈಗವಸಿನ ನೆರಳಿಗೆ ಮುಖ ಎತ್ತಿ ನಿಲ್ಲುತ್ತದೆ.
ಮೊದಲ ಮಂಜು. ಎರಡು. ಮೂರು.
ನಾಲ್ಕಕ್ಕೆ
ಗೂನು.
ಆ ಗೂನು ನನಗೆ ಗೊತ್ತು,
ಚಾಪೆಯ ಮೇಲೆ ಮಂಡಿಗೆ ಮೊಣಕೈ ಕೊಟ್ಟು ಕೂತದ್ದು.
ಬರೆದುಕೊಂಡೆ: ನಾಲ್ಕನೇ ಡೋಸು, ಮಧ್ಯಾಹ್ನ ಮೂರೂ ಹತ್ತು.
ಅಕ್ಷರ ಸ್ವಲ್ಪ ಸೊಟ್ಟಗಾಯಿತು, ಮೇಡಂ ಏನೂ ಕೇಳಲಿಲ್ಲ.

ಶುಕ್ರವಾರ ಬಾಲದ ತುದಿಯ ಚೂರು ಒಂದು ಕೊಳವೆಗೆ.
ಆಮೇಲೆ ಉಳಿದದ್ದು.
ಪುಪ್ಪುಸ ಅಂದರೆ ಎಷ್ಟಿರುತ್ತದೆ ಅಂದುಕೊಂಡಿರಿ?
ಗೇಟಿನಲ್ಲಿ ನಾನು ಬಿಟ್ಟು ಬರುವ
ಕನಕಾಂಬರದ ಎಸಳಿನಷ್ಟು, ಬಣ್ಣವೂ ಹೆಚ್ಚುಕಡಿಮೆ ಅದೇ.

ಊಟಕ್ಕೆ ಕೂತಾಗ ಅಂಜಿ ಕೇಳುತ್ತಾನೆ: ಸಿಕ್ತಾ ಅಕ್ಕಾ?
ಮೇನ್ ಸಿಕ್ಕಿದೆಯಂತೆ ಕಣೋ, ಕ್ರಾಸ್ ಸಿಕ್ಕಿಲ್ಲ.
ಮನೆ ನಂಬರ್ ಅಂತೂ ಇನ್ನೂ ದೂರ.
ಅದೂ ಇಲಿಗಳ ಬಡಾವಣೆ, ನಮ್ಮದಲ್ಲ.
ನಕ್ಕ. ನಗು ಕೆಮ್ಮಾಗಿ, ಕೆಮ್ಮು ಸಿಳ್ಳೆಯಾಗಿ,
ಪಂಪು ಹುಡುಕಿ ಕೊಟ್ಟೆ. ಸಾರು ಆರಿತ್ತು.

ನಡುರಾತ್ರಿ ಮೂಟೆಯ ಹಿಂದೆ ಬೋನು ಟಪ್ಪೆಂದಿತು.
ಅಂಜಿ ಎಚ್ಚರವಾಗಿಯೇ ಇದ್ದ, ಗೋಡೆಗೊರಗಿ.
ಕತ್ತಲಲ್ಲಿ ತಂತಿ ಕೆರೆಯುವ ಸದ್ದು.
ಬೆಳಿಗ್ಗೆ ಅದನ್ನ ಖಾಲಿ ಸೈಟಿಗೆ ಬಿಟ್ಬಿಡು, ಅಂದ.
ಅಲ್ಲಿ ತುಂಬ ಕಾಂಗ್ರೆಸ್ ಗಿಡ, ಅಂದೆ.
ಅದಕ್ಕೇನಾಗುತ್ತೆ, ಅಂದ.
ಅಳೆಯದೆ ಹೇಳೋಕಾಗಲ್ಲ, ಅಂದೆ.