ನಂಜೂ ಗೋಧಿಯದೇ

ಕಂಕನಾಡಿಯ ಲ್ಯಾಬಿನಲ್ಲಿ ಹದಿನಾರು ವರ್ಷ
ಊರವರ ನೆತ್ತರು ನೋಡಿದವಳು ನಾನು.
ಮಗಳ ಹೆಸರಿದ್ದ ಕೊಳವೆಯನ್ನು ಮಾತ್ರ
ಎರಡು ಸಲ ತಿರುಗಿಸಿದೆ.
ಯಂತ್ರ ಎರಡು ಸಲವೂ ಅದನ್ನೇ ಅಂದಿತು:
ಗೋಧಿ ಆಗದು.

ಆಗದಿದ್ದರೆ ಹೋಗಲಿ, ನಮ್ಮದೇನು ಗೋಧಿಯ ಊರೇ
ಎಂದರು ಅತ್ತೆ, ಸೆರಾಫಿನ್ ಬಾಯಿ,
ಸಾನ್ನದ ಹಿಟ್ಟಿಗೆ ಶೇಂದಿ ಹುಯ್ಯುತ್ತ.
ಮೇ ತಿಂಗಳಲ್ಲಿ ಅವಳ ಮೊದಲ ಪರಮಪ್ರಸಾದ
ಎಂಬುದು ನೆನಪಾಗಿ
ಸೌಟು ಅಲ್ಲೇ ನಿಂತಿತು.

ಜೆಪ್ಪುವಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು
ಬಿಸಿ ತಗಡುಗಳ ನಡುವೆ ಒತ್ತಿ ತೆಗೆಯುವ ಒಸ್ತಿ,
ನಾಲಗೆ ಮುಟ್ಟುವ ಮೊದಲೇ ಕರಗುವಷ್ಟು ತೆಳು.
ಅಷ್ಟರಲ್ಲೂ ಗೋಧಿ ಗೋಧಿಯೇ.

ಫಾದರ್ ಗ್ರೇಶಿಯನ್ನರ ಮುಂದೆ ಅತ್ತೆಯ ವಾದ:
ಮೊಂತಿ ಹಬ್ಬಕ್ಕೆ ಹೊಸ ತೆನೆ ಮಂತ್ರಿಸಿ ಕೊಡುವವರು ನೀವೇ.
ಅಕ್ಕಿಯ ಒಸ್ತಿ ಸುಟ್ಟರೆ
ದೇವರಿಗೆ ದಾರಿ ತಪ್ಪುತ್ತದೆಯೇ?

ಅವನು ಮುರಿದದ್ದು ಗೋಧಿ, ಬಾಯಿ.
ಬದಲಿಸಲು ನಾನು ಯಾರು?

ನನಗೆ ಸಿಟ್ಟು. ಕೇಳಿಯೇಬಿಟ್ಟೆ:
ನೀವು ಎತ್ತಿ ಹಿಡಿದ ಮೇಲೆ ಅದು ಗೋಧಿಯೇ ಅಲ್ಲ
ಎಂದು ಧರ್ಮೋಪದೇಶದಲ್ಲಿ ಬಾಯಿಪಾಠ ಮಾಡಿಸಿದಿರಿ.
ಮತ್ತೆ ನನ್ನ ಮಗಳ ಕರುಳು ಕೊರೆಯುವುದೇಕೆ?

ಕನ್ನಡಕ ತೆಗೆದು ನಿಲುವಂಗಿಗೆ ಒರೆಸಿಕೊಂಡರು.
ಬದಲಾಗುವುದು ಒಳಗಿರುವುದು ಮಾತ್ರ.
ಬಣ್ಣ, ರುಚಿ, ತೂಕ ಎಲ್ಲ ಗೋಧಿಯದೇ.
ನಂಜೂ.
ಎಂಟುನೂರು ವರ್ಷದಿಂದ ಹೀಗೇ ಹೇಳುತ್ತಿದ್ದೇವಮ್ಮ,
ನಿಮ್ಮ ಯಂತ್ರ ಈಗ ಹೌದು ಅಂದಿದೆ.

ಹದಿನೈದನೆಯ ನಂಬರು ಬಸ್ಸಿನಲ್ಲಿ
ರಿಪೋರ್ಟಿನ ಅಂಕಿಯನ್ನೇ ನೋಡುತ್ತ ಬಂದೆ.
ಅದು ಬಗ್ಗುವುದಿಲ್ಲ. ಇವರೂ.
ಇಬ್ಬರು ಹಟಮಾರಿಗಳ ನಡುವೆ
ಎಂಟು ವರ್ಷದ ಲಿಯೋನಾ
ಬಿಳಿ ಫ್ರಾಕಿಗೆ ಅಳತೆ ಕೊಡುತ್ತಿದ್ದಾಳೆ.
ಬಗ್ಗುವ ಅಂಕಿಯಾಗಿದ್ದರೆ
ನಾನಾದರೂ ಅದನ್ನು ನಂಬುತ್ತಿದ್ದೆನೇ?

ದ್ರಾಕ್ಷಾರಸ ಸಾಕು, ಒಂದು ಗುಟುಕಿನಲ್ಲೂ ಅವನು ಪೂರ್ತಿ,
ಅರ್ಧವಲ್ಲ, ಎಂಬುದೂ
ಅದೇ ಹಳೆಯ ಪುಸ್ತಕದಲ್ಲಿ ಇತ್ತಂತೆ.
ಒಸ್ತಿಯ ಚೂರು ಬೀಳದ ಬೇರೆ ಪಾತ್ರೆ ಬೇಕು ಎಂದದ್ದು ನಾನು.
ಮೂರು ನೀರಿನಲ್ಲಿ ತೊಳೆದು
ಕವುಚಿ ಇಟ್ಟಿದ್ದರು ಅವರು.

ಮೇ ತಿಂಗಳ ಭಾನುವಾರ. ಇಗರ್ಜಿಯ ಫ್ಯಾನುಗಳು
ಸೆಕೆಯನ್ನೇ ಸುತ್ತಿಸುತ್ತಿದ್ದವು.
ಸಾಲಿನ ಮಕ್ಕಳೆಲ್ಲ ನಾಲಗೆ ಚಾಚಿದರು,
ನನ್ನವಳು ಗುಟುಕರಿಸಿದಳು,
ಮುಖ ಕಿವುಚಿದಳು,
ಬೆಂಚಿಗೆ ಮರಳಿ ನನ್ನ ಕಿವಿಯಲ್ಲಿ:
ಮಮ್ಮಿ, ಹುಳಿ.

ಆಚೆಯಿಂದ ಅತ್ತೆ, ಜಪಸರ ನಿಲ್ಲಿಸದೆ:
ಶೇಂದಿಯ ಹಾಗೆಯಾ?